ನಮ್ಮ ಮನೆಯ ಗಡಿಯಾರವೂ ತೂತು

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮನೆಯ ಗಡಿಯಾರ ನಾಲ್ಕು ಹೊಡೆಯುತ್ತಿತ್ತು. ಮನೆಯವರಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಒಂಬತ್ತು ಹೊಡೆಯಿತೆಂದರೆ ಮಧ್ಯಾಹ್ನದ ಎಲೆ ಹಾಕುವ ಹೊತ್ತು, ಐದು ಹೊಡೆದರೆ ರಾತ್ರಿಯ ಊಟ. ಮೂರು ಕೂಡಿಸುವ ಲೆಕ್ಕ ನಮ್ಮ ಹುಡುಗರಿಗೆ ಮಗ್ಗಿಗಿಂತ ಮೊದಲೇ ಬಂದಿತ್ತು. ಸಿಕ್ಕಿಬಿದ್ದವರು ನೆಂಟರು. ಹೋದ ಮಳೆಗಾಲದಲ್ಲಿ ಬಂದಿದ್ದ ಭಾವ ಏಳೂವರೆ ಬಸ್ಸಿಗೆ ಹೊರಡಬೇಕಾಗಿತ್ತು. ಮೊಬೈಲನ್ನು ಜಗಲಿಯಲ್ಲಿ ಚಾರ್ಜಿಗೆ ಹಾಕಿ ಒಳಕೋಣೆಯಲ್ಲಿ ಮಲಗಿದ್ದರು. ಹೊರಗೆ ಧೋ ಎಂದು ಮಳೆ, ಕಿಟಕಿಯಲ್ಲಿ ಕತ್ತಲೆ. ಗಡಿಯಾರ ಹೊಡೆದದ್ದನ್ನು ನಾಲ್ಕೆಂದು ಎಣಿಸಿ, ‘ಇನ್ನೂ ಹೊತ್ತಿದೆ’ ಎಂದು ಕಂಬಳಿ ಎಳೆದುಕೊಂಡರು. ಬಸ್ಸು ಹೋಯಿತು. ಭಾವ ಇನ್ನೂ ಒಂದು ದಿನ ಉಳಿದರು. ಅವತ್ತು ಕಡುಬು ಮಾಡಬೇಕಾಗಿ ಬಂದ ನನ್ನ ಹೆಂಡತಿ ಗಡಿಯಾರವನ್ನಲ್ಲ, ನನ್ನನ್ನು ನೋಡಿದಳು.

ನೋಡಲು ಕಾರಣವಿತ್ತು. ಅದನ್ನು ಹೇಳುವ ಮೊದಲು ಗಡಿಯಾರದ ಪರಿಚಯ ಆಗಬೇಕು.

ಅದು ಅಜ್ಜನ ಕಾಲದ್ದು. ಡಯಲಿನ ಮೇಲೆ ಇಂಗ್ಲಿಷಿನಲ್ಲಿ ‘ಆನ್ಸೋನಿಯ’ ಎಂದು ಬರೆದಿದೆ. ಅಜ್ಜಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದ್ದನ್ನು ಅವಳು ತನಗೆ ತಿಳಿದ ಹಾಗೆ ತಿದ್ದಿ ‘ಅನಸೂಯ’ ಮಾಡಿಕೊಂಡಳು. ಭಾನುವಾರ ಬಂತೆಂದರೆ, “ಅನಸೂಯಮ್ಮನಿಗೆ ಕೀಲಿ ಕೊಟ್ರಾ?” ಎಂದು ಅಡಿಗೆಮನೆಯಿಂದಲೇ ಕೇಳುವಳು. ಎಂಟು ದಿನ ಓಡುವ ಗಡಿಯಾರಕ್ಕೆ ಏಳನೆಯ ದಿನವೇ ಕೀಲಿ ಕೊಡುವುದು ಅಜ್ಜನ ಪದ್ಧತಿ; ಒಂದು ದಿನ ಕೈಯಲ್ಲಿರಲಿ ಎಂದು. ಅನಸೂಯೆ ಹೆಸರಿಗೆ ತಕ್ಕ ಹಾಗೆ ಅಸೂಯೆ ಇಲ್ಲದವಳು. ಎದುರು ಗೋಡೆಗೆ ಬ್ಯಾಟರಿ ಗಡಿಯಾರ ಬಂದು ಕೂತು ಇಪ್ಪತ್ತು ವರ್ಷವಾದರೂ ಒಂದು ಮಾತು ಆಡಿಲ್ಲ, ಗಂಟೆಗೊಮ್ಮೆ ಆಡುವುದನ್ನು ಬಿಟ್ಟರೆ.

ಆನ್ಸೋನಿಯ ಕಂಪನಿಯ ಕಥೆ ದೊಡ್ಡದು. ಅಮೆರಿಕದ ಕನೆಕ್ಟಿಕಟ್‌ನ ಆನ್ಸೋನಿಯ ಎಂಬ ಊರಿನಲ್ಲಿ 1851ರಲ್ಲಿ ಹುಟ್ಟಿತು; ಆಮೇಲೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋಗಿ ದೊಡ್ಡ ಕಾರ್ಖಾನೆ ಕಟ್ಟಿದರು. 1880ರಲ್ಲಿ ಅದು ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಕಡೆಗೆ 1929ರಲ್ಲಿ ಯಂತ್ರಗಳನ್ನೆಲ್ಲ ಸೋವಿಯತ್ ಸರ್ಕಾರಕ್ಕೆ ಮಾರಿದರು. ಅಂದರೆ ಅನಸೂಯೆಯ ತವರುಮನೆ ಗಂಟುಮೂಟೆ ಕಟ್ಟಿಕೊಂಡು ಕಮ್ಯುನಿಸ್ಟ್ ಆಯಿತು. ಅಷ್ಟರೊಳಗೆ ಇವಳು ತೀರ್ಥಹಳ್ಳಿಯ ಕಡೆಯ ಒಂದು ಹೆಂಚಿನ ಮನೆ ಸೇರಿ, ಮಡಿ ಮೈಲಿಗೆ ಎಲ್ಲ ಕಲಿತು, ರಾಹುಕಾಲ ತೋರಿಸುತ್ತಿದ್ದಳು. ಅವಳ ಮುಖದ ಮೇಲೆ ನಾಲ್ಕನ್ನು ರೋಮನ್ ಅಂಕಿಯಲ್ಲಿ ನಾಲ್ಕು ಗೀಟು ಎಳೆದೇ ಬರೆದಿದ್ದಾರೆ. ಹಳೆಯ ಗಡಿಯಾರಗಳಲ್ಲಿ ಹಾಗೆಯೇ ವಾಡಿಕೆ. ಶಾಲೆಯಲ್ಲಿ ನಾನೂ ಅದನ್ನೇ ಬರೆದು ಮೇಷ್ಟ್ರ ಕೈಯಲ್ಲಿ ಬೆತ್ತದ ರುಚಿ ಕಂಡಿದ್ದೇನೆ. ಮೈಸೂರಿನ ದೊಡ್ಡ ಗಡಿಯಾರದ ಹಾಗೆ ಕನ್ನಡ ಅಂಕಿಗಳಿದ್ದರೆ ಈ ಕಷ್ಟ ಇರುತ್ತಿರಲಿಲ್ಲ.

ಇರಲಿ, ಹೆಂಡತಿ ನನ್ನನ್ನು ನೋಡಿದ ಕಾರಣಕ್ಕೆ ಬರುತ್ತೇನೆ; ಅದು ಎಣ್ಣೆಯ ವಿಷಯ.

ಅನಸೂಯೆ ಒಂದು ದಿನ ಕಿರ್ ಎಂದಳು. ಕಿರ್ ಎನ್ನುವ ಎಲ್ಲದಕ್ಕೂ ನಮ್ಮ ಕಡೆ ಒಂದೇ ಔಷಧ: ಕೊಬ್ಬರಿ ಎಣ್ಣೆ. ಬಾಗಿಲಿಗೆ, ತೊಟ್ಟಿಲಿಗೆ, ಮಕ್ಕಳ ಕಿವಿಗೆ. ನಾನು ಒಂದು ಕೋಳಿಗರಿ ಹುಡುಕಿ, ಎಣ್ಣೆಯಲ್ಲಿ ಅದ್ದಿ, ಒಳಗೆ ಕಂಡ ಪ್ರತಿ ಚಕ್ರದ ಪ್ರತಿ ಹಲ್ಲಿಗೂ ಅಭ್ಯಂಜನ ಮಾಡಿಸಿದೆ. ಕಿರುಗು ನಿಂತಿತು. ನಾಲ್ಕು ತಿಂಗಳು ನನ್ನ ನಡಿಗೆಯಲ್ಲಿ ಒಂದು ಠೀವಿ ಇತ್ತು. ಆಮೇಲೆ ಧನುರ್ಮಾಸ ಬಂತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಬೆಳಗಿನ ಜಾವಕ್ಕೆ ಇದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ದಿನವೂ ಐದರ ಹೊತ್ತಿಗೆ ಗಡಿಯಾರ ನಿಂತುಹೋಗುವುದು, ಒಂಬತ್ತರ ಬಿಸಿಲು ಗೋಡೆಗೆ ಬಿದ್ದ ಮೇಲೆ ನಾನು ಲೋಲಕ ತಳ್ಳುವುದು, ನಿಮಿಷದ ಮುಳ್ಳನ್ನು ಗರಗರ ತಿರುಗಿಸಿ ಹೊತ್ತು ಸರಿಮಾಡುವುದು.

ಈ ಗರಗರದಲ್ಲೇ ಎಡವಟ್ಟಾದದ್ದು. ಇಂಥ ಗಡಿಯಾರದಲ್ಲಿ ಗಂಟೆ ಹೊಡೆಯುವ ಭಾಗ ಮುಳ್ಳಿನ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೊಂದು ಕಚ್ಚು ಹಾಕಿದ ತಟ್ಟೆ ಇದೆ. ನಾಲ್ಕಾದ ಮೇಲೆ ಐದು, ಐದಾದ ಮೇಲೆ ಆರು, ಅಷ್ಟೇ ಅದರ ವಿದ್ಯೆ. ಹೊರಗೆ ಎಷ್ಟು ಗಂಟೆಯಾದರೂ ಸರಿ, ಕಡತ ಹಿಂದೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುವ ಗುಮಾಸ್ತ. ಪ್ರತಿ ಗಂಟೆಗೂ ನಿಂತು ಅದು ಹೊಡೆದು ಮುಗಿಸುವ ತನಕ ಕಾಯಬೇಕು. ನಾನು ಕಾಯಲಿಲ್ಲ, ಅದು ಮೂರು ಹಿಂದೆ ಉಳಿಯಿತು. ಅರ್ಧ ಗಂಟೆಗೊಂದು ಪೆಟ್ಟೂ ಸೇರಿ ದಿನಕ್ಕೆ 180 ಪೆಟ್ಟು, ವರ್ಷಕ್ಕೆ 65,700. ಅಷ್ಟು ಸಲ ಒಂದೇ ಕೆಲಸ ಮಾಡುವವರನ್ನು ನಡುವೆ ಅವಸರಪಡಿಸಿದರೆ ಯಾರಿಗಾದರೂ ಲೆಕ್ಕ ತಪ್ಪುತ್ತದೆ.

ಭಾವನ ಪ್ರಸಂಗವಾದ ಮೇಲೆ ಒಂದು ಭಾನುವಾರ, ವಿಡಿಯೊ ನೋಡಿಕೊಂಡು ಗಡಿಯಾರ ಬಿಚ್ಚಲು ಕೂತೆ. ಬಿಚ್ಚುವ ಮೊದಲು ಸ್ಪ್ರಿಂಗಿನ ಬಿಗಿ ಇಳಿಸಬೇಕು, ಇಲ್ಲದಿದ್ದರೆ ಅಪಾಯ ಎಂಬ ಮಾತು ವಿಡಿಯೊದ ಹನ್ನೊಂದನೆಯ ನಿಮಿಷದಲ್ಲಿತ್ತಂತೆ. ನಾನು ಒಂಬತ್ತನೆಯ ನಿಮಿಷಕ್ಕೇ ಸ್ಕ್ರೂಡ್ರೈವರ್ ಹಿಡಿದಿದ್ದೆ. ಎರಡು ಹಿತ್ತಾಳೆ ತಟ್ಟೆಗಳ ನಡುವೆ ಚಕ್ರಗಳೆಲ್ಲ ಕೂತಿರುತ್ತವೆ, ನಾಲ್ಕು ಮೂಲೆಗೆ ನಾಲ್ಕು ನಟ್ಟು. ಮೂರನೆಯದನ್ನು ಬಿಚ್ಚುವವರೆಗೂ ಶಾಂತಿ ಇತ್ತು. ಆಮೇಲೆ ಆದದ್ದನ್ನು ನಾನು ನೋಡಿಲ್ಲ, ಕೇಳಿದೆ. ಎರಡು ಮೀಟರಿಗೂ ಉದ್ದದ ಉಕ್ಕಿನ ಪಟ್ಟಿ ಸುತ್ತಿ ಸುತ್ತಿ ಒಳಗಿಟ್ಟಿದ್ದ ಸಿಟ್ಟನ್ನೆಲ್ಲ ಒಂದೇ ಏಟಿಗೆ ಹೊರಹಾಕಿತು. ಕಣ್ಣು ಬಿಟ್ಟಾಗ ಹೆಬ್ಬೆರಳಲ್ಲಿ ರಕ್ತ, ಒಂದು ಚಕ್ರ ಒರಳಿನ ಕೆಳಗೆ, ಇನ್ನೊಂದು ತುಳಸಿಕಟ್ಟೆಯ ಬಳಿ. ನಮ್ಮ ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ. ಹೆಂಡತಿ ಚೂರುಗಳನ್ನೆಲ್ಲ ಆರಿಸಿ ಸ್ಟೀಲಿನ ಟಿಫಿನ್ ಡಬ್ಬಿಗೆ ಹಾಕಿ, “ತಗೊಳ್ಳಿ, ನಿಮ್ಮ ಬುತ್ತಿ” ಎಂದಳು.

ಬುತ್ತಿ ಹಿಡಿದುಕೊಂಡು ಶಿವಮೊಗ್ಗಕ್ಕೆ ಹೋದೆ. ಗಾಂಧಿ ಬಜಾರಿನ ಸಂದಿಯೊಂದರಲ್ಲಿ ಒಬ್ಬ ಅಜ್ಜ ಇದ್ದಾರೆ. ಅಂಗಡಿ ಎಂದರೆ ಒಂದು ಮೇಜು, ಒಂದು ಸ್ಟೂಲು, ನಾಲ್ಕು ಗೋಡೆಯ ತುಂಬ ಬೇರೆ ಬೇರೆ ಹೊತ್ತು. ಡಬ್ಬಿ ಬಿಚ್ಚಿ ಮೂಸಿ ನೋಡಿದರು. “ಒಗ್ಗರಣೆಗೆ ಅಡ್ಡಿಯಿಲ್ಲ,” ಎಂದರು. ಆಮೇಲೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ನನ್ನ ಹೆಬ್ಬೆರಳ ಪಟ್ಟಿಯ ಕಡೆ ಒಮ್ಮೆ ನೋಡಿ, ಆ ವಿಷಯ ಎತ್ತಲಿಲ್ಲ. ದೊಡ್ಡವರು.

“ಇದಕ್ಕೆ ಎಣ್ಣೆ ಕಡಿಮೆಯಾಗಿ ಕಾಯಿಲೆ ಬಂದದ್ದಲ್ಲ ಸ್ವಾಮಿ,” ಎಂದು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದರು. “ತೂತು ನೋಡಿ.”

ಚಕ್ರದ ಅಚ್ಚಿನ ತುದಿ ಕೂರುವ ತೂತು ದುಂಡಗಿರಬೇಕು. ಮಸೂರದಲ್ಲಿ ನೋಡಿದರೆ ಅದು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಸ್ಪ್ರಿಂಗು ಸದಾ ಒಂದೇ ಕಡೆಗೆ ತಳ್ಳುತ್ತದೆ, ಅಚ್ಚು ಆ ಕಡೆಯ ಹಿತ್ತಾಳೆಯನ್ನು ಕೊರೆಯುತ್ತ ಕೊರೆಯುತ್ತ ಸರಿಯುತ್ತದೆ. ಹಳೆಯ ಬೀಸುವ ಕಲ್ಲಿನ ಗೂಟ ಸಡಿಲವಾದಾಗ ಮೇಲಿನ ಕಲ್ಲು ಓಲಾಡುವುದನ್ನು ನೀವು ನೋಡಿರಬಹುದು; ಅದೇ ಕಥೆ. ಕೂದಲೆಳೆಯಷ್ಟು ಸರಿದರೂ ಸಾಕು, ಪಕ್ಕದ ಚಕ್ರದ ಹಲ್ಲಿಗೆ ಈ ಚಕ್ರದ ಹಲ್ಲು ಸರಿಯಾಗಿ ಕಚ್ಚುವುದಿಲ್ಲ. ಕಿರುಗು ಬಂದದ್ದು ಅಲ್ಲಿಂದ. ಎಲ್ಲರ ಮನೆ ದೋಸೆಯೂ ತೂತು ಎಂದು ಸಮಾಧಾನಪಟ್ಟುಕೊಳ್ಳೋಣವೆಂದರೆ, ಇಲ್ಲಿ ಒಂದಲ್ಲ ಏಳು ತೂತು ಕೆಟ್ಟಿದ್ದವು. ಕಾವಲಿಯೇ ತೂತು ಅನ್ನುತ್ತಾರಲ್ಲ, ಆ ಪೈಕಿ.

ಮುಂದಿನದನ್ನು ಕೇಳಿ ನನ್ನ ಮುಖ ಸಣ್ಣದಾಯಿತು. ಅಚ್ಚು ಉಕ್ಕಿನದು, ತಟ್ಟೆ ಹಿತ್ತಾಳೆಯದು. ಮೆತ್ತಗಿರುವ ಹಿತ್ತಾಳೆ ಸವೆಯುವುದು ಸರಿ, ಆದರೆ ಉಕ್ಕಿನ ಅಚ್ಚಿನ ಮೇಲೂ ಉಂಗುರ ಉಂಗುರವಾಗಿ ಗೀರು ಬಿದ್ದಿತ್ತು. ಎಣ್ಣೆಗೆ ಧೂಳು ಅಂಟುತ್ತದೆ, ಧೂಳಿನ ಹರಳು ಮೆತ್ತನೆಯ ಹಿತ್ತಾಳೆಯಲ್ಲಿ ಹೂತು ಕೂರುತ್ತದೆ, ಕೂತು ಅರದ ಹಾಗೆ ಉಕ್ಕನ್ನು ಉಜ್ಜುತ್ತದೆ. ಮೆತ್ತಗಿನದು ಗಟ್ಟಿಯದನ್ನು ತಿನ್ನುವುದು ಹೀಗೆ. (ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದೆ. “ಹಿತ್ತಾಳೆ ಯಾರು?” ಎಂದು ಕೇಳಿದಳು. ನಾನು ಬೇರೆ ಮಾತು ತೆಗೆದೆ.) ಅಂದರೆ ನಾನು ಗರಿ ಹಿಡಿದು ಮಾಡಿಸಿದ ಅಭ್ಯಂಜನ, ಗಡಿಯಾರದ ಮಟ್ಟಿಗೆ ಮರಳುಕಾಗದ.

ತೂತು ಚಿಕ್ಕದು ಮಾಡುವ ಬಗೆ ವಿಚಿತ್ರ. ಮೊದಲು ಅದನ್ನು ಇನ್ನೂ ದೊಡ್ಡದು ಮಾಡಬೇಕು. ಆಮೇಲೆ ಹಿತ್ತಾಳೆಯ ಸಣ್ಣ ಕೊಳವೆಯೊಂದನ್ನು, ಬುಷ್ ಅನ್ನುತ್ತಾರೆ, ಅದರೊಳಗೆ ಒತ್ತಿ ಕೂರಿಸಿ, ಅಚ್ಚಿಗೆ ತಕ್ಕ ಹಾಗೆ ಕೊರೆಯಬೇಕು. ಇಷ್ಟೇ ಆಗಿದ್ದರೆ ನಾನೂ ಮಾಡುತ್ತಿದ್ದೆ ಎಂದು ಹೇಳಹೊರಟು ಹೆಬ್ಬೆರಳು ನೆನಪಾಗಿ ಸುಮ್ಮನಾದೆ. ಕಷ್ಟ ಇರುವುದು ನಡು ಹುಡುಕುವುದರಲ್ಲಿ. ಮೊಟ್ಟೆಯಾಕಾರದ ತೂತಿನ ಈಗಿನ ನಡು ಬೇರೆ, ಬ್ರೂಕ್ಲಿನ್ನಿನವರು ಕೊರೆದಾಗಿನ ನಡು ಬೇರೆ. ಅಜ್ಜ ಸಣ್ಣ ದುಂಡರದಿಂದ ಸವೆಯದ ಬದಿಯನ್ನು ಸವೆದ ಬದಿಯಷ್ಟೇ ತಿಂದರು. ಆಗ ಎರಡೂ ಕಡೆ ಸಮನಾಗಿ, ಕೊರೆಯುವ ಉಳಿ ಮೊದಲಿನ ನಡುವಿಗೇ ಬಂದು ನಿಂತಿತು. ಚೆನ್ನಾಗಿರುವುದನ್ನು ಕೆಟ್ಟದ್ದರ ಸಮಕ್ಕೆ ತರುವುದು ನಮ್ಮಲ್ಲಿ ಬೇರೆ ಕಡೆಯೂ ನಡೆಯುತ್ತದೆ, ಆದರೆ ಅಲ್ಲಿ ಬುಷ್ ಹಾಕುವವರಿಲ್ಲ.

ತೂತಿಗೂ ಹೊತ್ತಿಗೂ ನಂಟು ಹಳೆಯದು. ನಮ್ಮ ಹಿಂದಿನವರ ಗಳಿಗೆ ಬಟ್ಟಲು ಇನ್ನೇನು? ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವಾಗ ಒಂದು ಗಳಿಗೆ, ಅಂದರೆ 24 ನಿಮಿಷ. ಭಾಸ್ಕರಾಚಾರ್ಯರ ಮಗಳು ಲೀಲಾವತಿ ಕುತೂಹಲಕ್ಕೆ ಬಗ್ಗಿ ನೋಡುವಾಗ ಮುತ್ತೊಂದು ಬಿದ್ದು ತೂತು ಮುಚ್ಚಿ, ಬಟ್ಟಲು ಮುಳುಗದೆ, ಮದುವೆಯ ಮುಹೂರ್ತವೇ ಮೀರಿಹೋಯಿತೆಂದು ದಂತಕಥೆ. ಅವಳದು ಮುಚ್ಚಿಹೋದ ತೂತು, ನನ್ನದು ಅಗಲವಾದ ತೂತು. ನನ್ನಿಂದ ತಪ್ಪಿದ್ದು ಭಾವನ ಬಸ್ಸು ಮಾತ್ರ.

ತಟ್ಟೆ ತೊಳೆಯುವಾಗ ಅಜ್ಜ ನಕ್ಕರು. ಒಂದು ತೂತಿನ ಸುತ್ತ ಮೂರು ಚುಕ್ಕೆ ಗುದ್ದು. ಹಿಂದೆ ಯಾರೋ ಬುಷ್ ಹಾಕುವ ಬದಲು ಮೊನಚು ಉಳಿಯಿಂದ ತೂತಿನ ಅಂಚಿಗೆ ಗುದ್ದಿ ಹಿತ್ತಾಳೆಯನ್ನು ಒಳಕ್ಕೆ ನೂಕಿದ್ದರು. ಹರಿದ ಪಂಚೆಗೆ ಪಿನ್ನು ಹಾಕಿದ ಹಾಗೆ, ಮದುವೆಮನೆ ದಾಟಿಸಲು ಸಾಕು. ಪಕ್ಕದಲ್ಲಿ ಸೂಜಿಯಿಂದ ಗೀರಿದ ತಾರೀಖು: 14-3-52. ರಿಪೇರಿಯವರು ಹೀಗೆ ಒಳಮೈಯಲ್ಲಿ ತಾರೀಖು ಗೀರಿ ಮುಚ್ಚುವುದುಂಟು. ನಾನು ಅವಾಕ್ಕಾದೆ. “ನನ್ನ ಗಡಿಯಾರ ಹುಟ್ಟಿದಾಗಿನಿಂದ ರಿಪೇರಿ ಕಂಡಿಲ್ಲ” ಎಂದು ಅಜ್ಜ, ನಮ್ಮ ಮನೆಯ ಅಜ್ಜ, ಜಗಲಿಗೆ ಬಂದವರಿಗೆಲ್ಲ ಸಾಯುವ ತನಕ ಹೇಳುತ್ತಿದ್ದರು. ಅಜ್ಜಿಗೆ ಗೊತ್ತಿತ್ತೋ ಏನೋ. ಆ ಮಾತು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದದ್ದು ಈಗ ನೆನಪಾಗುತ್ತದೆ.

ಇನ್ನು ಕೊಕ್ಕೆ. ಟಿಕ್ ಟಿಕ್ ಎನ್ನುವುದು ಅದೇ. ಲೋಲಕ ಒಮ್ಮೆ ಅತ್ತ, ಒಮ್ಮೆ ಇತ್ತ ಹೋದಾಗ ಕೊಕ್ಕೆ ಕಡೆಯ ಚಕ್ರದ ಒಂದೊಂದೇ ಹಲ್ಲನ್ನು ಬಿಟ್ಟು ಹಿಡಿಯುತ್ತದೆ. ಹಲ್ಲು ಹೋಗುತ್ತ ಲೋಲಕಕ್ಕೆ ಒಂದು ಸಣ್ಣ ನೂಕು ಕೊಡುತ್ತದೆ. ಸೆಕೆಂಡಿಗೆ ಎರಡು ಸಲ, ದಿನಕ್ಕೆ 1,72,800 ಸಲ. ಉಕ್ಕಿನ ಕೊಕ್ಕೆಯ ಮೇಲೆ ಹಲ್ಲು ಬಿದ್ದ ಜಾಗದಲ್ಲೇ ಗಾಡಿದಾರಿಯ ಹಾಗೆ ಗುಳಿ ಬಿದ್ದಿತ್ತು. ಹೊಸದು ಮಾಡಬೇಕೇನೋ ಎಂದು ನಾನು ಜೇಬು ಮುಟ್ಟಿಕೊಂಡೆ. ಅಜ್ಜ ಕೊಕ್ಕೆಯನ್ನು ಅಚ್ಚಿನ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿಸಿ ಕೂರಿಸಿದರು. ಹಲ್ಲು ಇನ್ನು ಮೇಲೆ ಸವೆಯದ ಜಾಗಕ್ಕೆ ಬೀಳುತ್ತದೆ. ಹಿಂದೆ ದರ್ಜಿಗಳು ಅಂಗಿಯ ಕಾಲರು ಹರಿದರೆ ಬಿಚ್ಚಿ, ಒಳಮೈ ಹೊರಗೆ ಮಾಡಿ ಹೊಲಿದುಕೊಡುತ್ತಿದ್ದರು ನೆನಪಿದೆಯೆ? ನನ್ನ ಅಪ್ಪ ಹಾಗೆ ಒಂದೇ ಅಂಗಿಯಲ್ಲಿ ಎರಡು ಅಂಗಿಯ ಆಯುಷ್ಯ ಕಳೆದರು. ಅನಸೂಯೆಯದೂ ಈಗ ಎರಡನೆಯ ಕಾಲರು.

ಎಲ್ಲ ಕೂಡಿಸಿದ ಮೇಲೆ, ಸ್ಪ್ರಿಂಗು ಇನ್ನೂ ಹಾಕದೆ, ಅಜ್ಜ ಚಕ್ರಗಳ ಸಾಲಿಗೆ ಬಾಯಿಂದ ಮೆಲ್ಲಗೆ ಊದಿದರು. ಅವು ತಿರುಗಿದವು. ಅದೇ ಅವರ ಪರೀಕ್ಷೆ. ಆಮೇಲೆ ಸೂಜಿಯ ತುದಿಯಲ್ಲಿ ಗಡಿಯಾರದ ಎಣ್ಣೆ, ತೂತಿಗೊಂದು ಹನಿ. ಹಲ್ಲಿಗೆ ಇಲ್ಲ. “ಹಲ್ಲಿಗೆ ಎಣ್ಣೆ ಹಾಕೋರು ಗಡಿಯಾರದೋರಲ್ಲ,” ಎಂದರು, ನನ್ನ ಕಡೆ ನೋಡದೆ. ಗಂಟೆಯ ಭಾಗದ ತಂತಿಯೊಂದನ್ನು ಬೆರಳಿಂದ ಎತ್ತಿ ಎತ್ತಿ ಹೊಡೆಸಿ, ನಾನು ವರ್ಷವಿಡೀ ಹೊತ್ತ ಮೂರರ ಸಾಲವನ್ನು ಅರ್ಧ ನಿಮಿಷದಲ್ಲಿ ತೀರಿಸಿದರು. ಹಳೆಯ ತಾರೀಖಿನ ಕೆಳಗೆ ತಮ್ಮದೊಂದನ್ನು ಗೀರಿದರು. ಡಯಲಿನ ಬಣ್ಣ ಚಕ್ಕೆ ಎದ್ದಿದ್ದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ನಾನೇ ಬೇಡವೆನ್ನುತ್ತಿದ್ದೆ, ಅಷ್ಟು ವಿವೇಕ ಆಗ ಬಂದಿತ್ತು.

ಮನೆಗೆ ತಂದು ತೂಗುಹಾಕಿದೆ. ಲೋಲಕದ ಕೆಳಗೆ ಒಂದು ಸಣ್ಣ ನಟ್ಟಿದೆ. ಸುಮಾರು 25 ಸೆಂಟಿಮೀಟರಿನ ಲೋಲಕವನ್ನು ಒಂದು ಮಿಲಿಮೀಟರು ಏರಿಸಿದರೆ ದಿನಕ್ಕೆ ಹತ್ತಿರ ಹತ್ತಿರ ಮೂರು ನಿಮಿಷ ಮುಂದೆ ಓಡುತ್ತದೆ. ಒಂದು ವಾರ ನಾನೂ ಆ ನಟ್ಟೂ ಜಗಳವಾಡಿ, ಈಗ ವಾರಕ್ಕೆ ಎರಡು ನಿಮಿಷದ ವ್ಯತ್ಯಾಸಕ್ಕೆ ರಾಜಿಯಾಗಿದ್ದೇವೆ. ಏಳಕ್ಕೆ ಏಳು ಹೊಡೆಯುತ್ತದೆ. ಮಕ್ಕಳು ಹಳೆಯ ಅಭ್ಯಾಸದಿಂದ ಹತ್ತು ಅನ್ನುತ್ತಾರೆ.

ಇನ್ನೊಂದು ಮಾತು. ನಮ್ಮ ಹಳೆಯ ಗೋಡೆಯ ಮೇಲೆ ಅನಸೂಯೆಯನ್ನು ನೆಟ್ಟಗೆ ತೂಗಿದರೆ ಟಿಕ್ಕಿಗೂ ಟಾಕಿಗೂ ನಡುವಿನ ಅಂತರ ಸಮವಾಗುವುದಿಲ್ಲ; ಕುಂಟಿದ ಹಾಗೆ ಕೇಳಿಸುತ್ತದೆ, ಕುಂಟುತ್ತ ಕುಂಟುತ್ತ ಗಂಟೆಯೊಳಗೆ ನಿಂತುಬಿಡುತ್ತದೆ. ಕಿವಿಗೊಟ್ಟು ಕೇಳುತ್ತ, ಒಂದಿಷ್ಟು ಎಡಕ್ಕೆ ವಾಲಿಸಿ ಇಟ್ಟಿದ್ದೇನೆ. ನಮ್ಮ ಮನೆಗೆ ಬಂದವರೆಲ್ಲ ಉಪಕಾರ ಮಾಡುವ ಉಮೇದಿನಲ್ಲಿ ಎದ್ದು ಅದನ್ನು ನೇರ ಮಾಡಿ ಹೋಗುತ್ತಾರೆ. ನೀವು ಬಂದಾಗ ಕೂತು ಕಾಫಿ ಕುಡಿಯಿರಿ; ಗಡಿಯಾರ ಸೊಟ್ಟಗಿದ್ದರೆ ಇರಲಿ ಬಿಡಿ.