ಬ್ಯಾಡಗಿ ಕಡಲತೀರದ ಪಕ್ಷಿಗಳು: ಒಂದು ಶಾಸ್ತ್ರೀಯ ವಿಚಾರಣೆ

ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಕಡಲಿಲ್ಲ ಎಂಬ ತಪ್ಪು ತಿಳಿವಳಿಕೆ ಭೂಗೋಳದ ಪುಸ್ತಕ ಬರೆಯುವವರಲ್ಲಿ ಬಹುಕಾಲದಿಂದ ಬೇರೂರಿದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ ಹಾವೇರಿ ಸೇರುವವರು ನಡುವೆ ನೂರಕ್ಕೂ ಮಿಕ್ಕ ಕಿಲೋಮೀಟರು ಒಣನೆಲ ಕಂಡು, ಇನ್ನು ಕಡಲು ಮುಗಿಯಿತು ಎಂದು ಷರಾ ಬರೆದು ಕೈ ತೊಳೆದುಕೊಂಡಿದ್ದಾರೆ. ಘಟ್ಟ ಹತ್ತಿದ ಆಯಾಸದಲ್ಲಿ ಯಾರು ತಾನೆ ಮುಂದೆ ಹೋಗಿ ನೋಡುತ್ತಾರೆ? ಪ್ರಸ್ತುತ ಲೇಖಕನು ಹೋಗಿ ನೋಡಿದ್ದಾನೆ. ಯುಗಾದಿಯ ಹಿಂದುಮುಂದಿನ ಬೇಸಿಗೆಯಲ್ಲಿ, ಕೊರಳಿಗೆ ದುರ್ಬೀನು, ಬಗಲಿಗೆ ಚೀಲ, ಚೀಲದಲ್ಲಿ ಸಲೀಂ ಅಲಿಯವರ ಪುಸ್ತಕ ಹಾಕಿಕೊಂಡು ನಡೆಸಿದ ಕ್ಷೇತ್ರಕಾರ್ಯದ ಫಲ ಈ ಪ್ರಬಂಧ.

ಮೊದಲು ಕಡಲು, ಆಮೇಲೆ ಹಕ್ಕಿ. ಕಡಲೇ ಸಿದ್ಧವಾಗದೆ ಕಡಲಹಕ್ಕಿಯ ಮಾತೆತ್ತುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ನಮ್ಮ ಹಿರಿಯರು ಒಳನಾಡಿನ ಕೆರೆಗಳಿಗೇ ಸಮುದ್ರವೆಂದು ಹೆಸರಿಟ್ಟವರು. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಅಲೆ ಕಾಣದಿದ್ದರೂ ಹಕ್ಕಿಗಳಿಗೆ ಬರವಿಲ್ಲ. 2024ರಲ್ಲಿ ಕರ್ನಾಟಕದ ಮೂರು ತಾಣಗಳು ಒಟ್ಟಿಗೆ ರಾಮ್ಸರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ, ಈ ಅಂಕಸಮುದ್ರ, ಮತ್ತು ನಿಜವಾಗಿಯೂ ಉಪ್ಪುನೀರಿರುವ ಅಘನಾಶಿನಿ ಅಳಿವೆ. ಕೆರೆಯನ್ನೂ ಅಳಿವೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿದ ಮೇಲೆ ಬ್ಯಾಡಗಿಯನ್ನು ಮಾತ್ರ ಬಾಗಿಲಾಚೆ ನಿಲ್ಲಿಸುವುದು ಯಾವ ನ್ಯಾಯ? 1971ರಲ್ಲಿ ಆ ಒಪ್ಪಂದಕ್ಕೆ ಸಹಿ ಬಿದ್ದ ರಾಮ್ಸರ್ ಪಟ್ಟಣವಿರುವುದೂ ಇರಾನಿನ ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿ. ಆ ಕ್ಯಾಸ್ಪಿಯನ್ನಾದರೂ ಹೆಸರಿಗೆ ಸಮುದ್ರ; ನಾಲ್ಕೂ ಕಡೆ ನೆಲ ಸುತ್ತುವರಿದ ದೊಡ್ಡ ಕೆರೆ. ಮೂಲದಲ್ಲೇ ಇಷ್ಟು ಧಾರಾಳತನವಿದ್ದಾಗ ನಮಗೇಕೆ ಸಂಕೋಚ?

ಇನ್ನು ಬಣ್ಣದ ಪ್ರಮಾಣ. ಅರಬಸ್ತಾನಕ್ಕೂ ಆಫ್ರಿಕಕ್ಕೂ ನಡುವೆ ಕೆಂಪು ಸಮುದ್ರವೆಂಬುದೊಂದಿದೆ. ಅದರ ನೀರು ನೀಲಿ. ಕೆಂಪು ಸಮುದ್ರ ಅನ್ನಿಸಿಕೊಳ್ಳುವ ಯೋಗ್ಯತೆ ಇರುವುದು ಬ್ಯಾಡಗಿ ಎಪಿಎಂಸಿ ಪ್ರಾಂಗಣಕ್ಕೆ. ಪೇಟೆಯ ದಿನ ಅಲ್ಲಿ ನಿಂತು ನೋಡಬೇಕು. ದಲಾಲಿ ಅಂಗಡಿಗಳ ಮುಂದೆ ಸುರುವಿದ ಮೆಣಸಿನಕಾಯಿ ಒಂದರ ಹಿಂದೊಂದು ತೆರೆಯಾಗಿ ಎದ್ದು ಕಣ್ಣು ಹರಿಯುವವರೆಗೆ ಕೆಂಪಾಗಿ ಹಬ್ಬಿರುತ್ತದೆ. ಲಾರಿಗಳು ಹಡಗಿನಂತೆ ಮೆಲ್ಲಗೆ ಬಂದು ದಡಕ್ಕೆ ಹತ್ತುತ್ತವೆ. ಉಬ್ಬರ ಇಳಿತವೂ ಉಂಟು. ಟೆಂಡರಿನ ದರ ಪ್ರಕಟವಾದಾಗ ರೈತನ ಮುಖದಲ್ಲಿ ಅದನ್ನು ನೋಡಬಹುದು. ಚಂದ್ರನಿಗೂ ಈ ಉಬ್ಬರಕ್ಕೂ ಸಂಬಂಧವಿಲ್ಲವೆಂದು ವರ್ತಕರು ಹೇಳುತ್ತಾರೆ. ಯಾವುದಕ್ಕೆ ಸಂಬಂಧವಿದೆ ಎಂದು ಕೇಳಿದರೆ ಚಹಾ ತರಿಸುತ್ತಾರೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. (ಇದು ಹಕ್ಕಿಯ ಜಾತಿಯಲ್ಲ, ತರ್ಕದ ಮಾತು; ಪಕ್ಷಿವೀಕ್ಷಕರು ಪಟ್ಟಿಯಲ್ಲಿ ಸೇರಿಸಿಕೊಳ್ಳಬಾರದು.) ಅವರ ವಾದವಿಷ್ಟು: ನೆಲವೂ ಉಪ್ಪುನೀರೂ ಕೂಡುವ ಜಾಗಕ್ಕೆ ತೀರವೆನ್ನುತ್ತಾರೆ, ನಿಮ್ಮ ಪ್ರಾಂಗಣದಲ್ಲಿ ಉಪ್ಪುನೀರೆಲ್ಲಿ? ಉತ್ತರ ಸುಲಭ. ಪ್ರಾಂಗಣದ ಗೇಟು ದಾಟಿ ಹತ್ತು ಹೆಜ್ಜೆ ಹಾಕಿದವನ ಎರಡು ಕಣ್ಣುಗಳಲ್ಲೂ ಮೂಗಿನ ಎರಡು ಹೊಳ್ಳೆಗಳಲ್ಲೂ ಉಪ್ಪುನೀರು ಇಳಿಯುತ್ತದೆ. ಆದ್ದರಿಂದ ಬ್ಯಾಡಗಿಯಲ್ಲಿ ಒಬ್ಬೊಬ್ಬ ಮನುಷ್ಯನೂ ಒಂದೊಂದು ಕರಾವಳಿ. ತಟದಲ್ಲಿ ನಿಂತವನೇ ತಟಸ್ಥ. ಪಕ್ಷಿವೀಕ್ಷಕನಿಗೆ ಮೊದಲು ಬೇಕಾದ ಗುಣವೂ ತಟಸ್ಥತೆಯೇ. ಶಬ್ದವೇ ಸಾಕ್ಷಿ ಹೇಳುವಾಗ ಬೇರೆ ಪುರಾವೆ ಕೇಳುವವರ ಬಾಯಿಗೆ ಒಂದು ಹಸಿಮೆಣಸಿನಕಾಯಿ.

ನದಿಗಳ ಸಾಕ್ಷ್ಯವೂ ನಮ್ಮ ಕಡೆಗಿದೆ. ವರದಾ ನದಿ ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ. ಅಲ್ಲಿಂದ ಅರಬ್ಬೀ ಸಮುದ್ರ ಕೂಗಳತೆಯಲ್ಲಿದ್ದಂತೆ. ಆದರೂ ಆಕೆ ಅದಕ್ಕೆ ಬೆನ್ನು ತಿರುಗಿಸಿ ಈಶಾನ್ಯಕ್ಕೆ ಹೊರಟು, ಹಾವೇರಿ ಜಿಲ್ಲೆ ಸುತ್ತಿ, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ಹತ್ತಿರದ ಸಮುದ್ರವನ್ನು ಬಿಟ್ಟು ಬ್ಯಾಡಗಿಯ ಕಡೆ ಬಂದದ್ದಕ್ಕೆ ಕಾರಣ ಬೇರೇನಿರಲು ಸಾಧ್ಯ? ಮುಂದೆ ಆ ನೀರು ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತದೆ ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಕಡಲು ಸಿದ್ಧವಾಯಿತು. ಇನ್ನು ಹಕ್ಕಿ.

ಬ್ಯಾಡಗಿ ತಾಲ್ಲೂಕು ಪುರಾತನ ಪಕ್ಷಿಧಾಮವೆಂಬುದಕ್ಕೆ ಕನಕದಾಸರ ಕಾಗಿನೆಲೆಯೇ ಸಾಕು. ಈ ಸೀಮೆಯಲ್ಲಿ ಕಾಗೆಗೆ ಕಾಗಿ ಎನ್ನುತ್ತಾರೆ. ಕಾಗಿಯ ನೆಲೆ ಕಾಗಿನೆಲೆ. ಈ ವ್ಯುತ್ಪತ್ತಿಯನ್ನು ಒಪ್ಪಿದ ಶಾಸನ ಲೇಖಕನಿಗೆ ಸಿಕ್ಕಿಲ್ಲ, ತಿರಸ್ಕರಿಸಿದ ಶಾಸನವೂ ಸಿಕ್ಕಿಲ್ಲ. ನಮ್ಮಲ್ಲಿ ಎಷ್ಟೋ ಸ್ಥಳನಾಮ ಸಂಶೋಧನೆಗಳು ಇದಕ್ಕಿಂತ ಕಡಿಮೆ ಆಧಾರದ ಮೇಲೆ ನಿಂತಿವೆ. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ರಾಮನಿಂದ ತೀರ್ಪು ಕೊಡಿಸಿದರು. ತಮ್ಮ ತಾಲ್ಲೂಕಿಗೆ ಹೆಸರು ತಂದ ಮೆಣಸಿನಕಾಯಿಗೆ ಆ ಸಭೆಯಲ್ಲಿ ಅವರು ಆಸನ ಕೊಟ್ಟಿಲ್ಲ. ಆಗಿನ್ನೂ ಅದು ಹೊಸಬ; ಅಮೆರಿಕ ಖಂಡದಿಂದ ಹೊರಟು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ನಾಡಿಗೆ ಬಂದಿಳಿದ ವಲಸಿಗ. ಹೀಗೆ ಕಡಲು ದಾಟಿ ಬಂದು ಇಲ್ಲಿ ನೆಲೆನಿಂತ ಮೊದಲ ವಲಸೆ ಪ್ರಭೇದ ಮೆಣಸಿನಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯೂ ಸಿಕ್ಕಿ ಖಾಯಂ ರಹವಾಸಿಯಾಯಿತು. ಡಬ್ಬಿ, ಕಡ್ಡಿ ಎಂದು ಎರಡು ಉಪಜಾತಿಗಳು. ಡಬ್ಬಿ ಗುಂಡಗೆ, ಕಡ್ಡಿ ಸಪೂರ. ಎರಡಕ್ಕೂ ಮೈತುಂಬ ಸುಕ್ಕು. ಬಣ್ಣ ಜಾಸ್ತಿ, ಖಾರ ಕಡಿಮೆ. ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ.

ವಲಸೆಯ ಮಾತು ಬಂದಾಗ ಒಂದು ಎಚ್ಚರಿಕೆ. ಬೇಸಿಗೆಯ ಮೊದಲಲ್ಲಿ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಗೆ ಹೊರಡುತ್ತವೆ, ಗುಲಾಬಿ ಕಬ್ಬಕ್ಕಿಗಳೂ ಗುಂಪುಗಟ್ಟಿ ಬಡಗಣ ದಾರಿ ಹಿಡಿಯುತ್ತವೆ. ಚುನಾವಣೆ ಬಂದ ವರ್ಷ ಇದೇ ಹೊತ್ತಿಗೆ ಇನ್ನೊಂದು ಬಗೆಯ ವಲಸೆ ಹಕ್ಕಿಗಳೂ ಜಿಲ್ಲೆಯಲ್ಲಿ ಹಾರಾಡುತ್ತವೆ; ಅವು ಪಕ್ಷಾಂತರಿಗಳು. ಪಕ್ಷ ಎಂದರೆ ರೆಕ್ಕೆಯೂ ಹೌದಾದ್ದರಿಂದ ಹೊಸಬರು ಗೊಂದಲಪಡುತ್ತಾರೆ. ಹೆಬ್ಬಾತು ಹೋದ ದಾರಿಯಲ್ಲೇ ಮುಂದಿನ ಚಳಿಗಾಲಕ್ಕೆ ಮರಳುತ್ತದೆ. ಇವರ ದಾರಿಯನ್ನು ಯಾರೂ ಇನ್ನೂ ಗುರುತಿಸಿಲ್ಲ.

ನನ್ನ ಕ್ಷೇತ್ರಕಾರ್ಯ ಒಂದು ಗುರುವಾರ ನಡೆಯಿತು. ಪ್ರಾಂಗಣದ ಬೇವಿನ ಮರದ ಬುಡದಲ್ಲಿ ನಿಂತು ದುರ್ಬೀನು ಎತ್ತಿದೆ. ಎಡಗಡೆಯ ರಾಶಿಯ ಹಿಂದಿನಿಂದ ‘ಆ… ಕ್ಷೀ’ ಎಂಬ ಗಡುಸಾದ ಕೂಗು ಕೇಳಿತು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಅದೇ ಕೂಗಿಗೆ ಉತ್ತರ ಬಂತು. ಗಂಡು ಹೆಣ್ಣು ಪರಸ್ಪರ ಕರೆಯುತ್ತಿವೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಕೂಗಿನ ಒಡೆಯರು ರಾಶಿಯ ಮರೆಯಿಂದ ಹೊರಬಂದಾಗ ನೋಡಿದರೆ ಇಬ್ಬರೂ ಹಮಾಲರು, ತಲೆಯ ಮೇಲೆ ಚೀಲ. ಬರೆದದ್ದನ್ನು ಹೊಡೆದುಹಾಕಲು ಪೆನ್ನು ತೆಗೆಯುವಷ್ಟರಲ್ಲಿ ಮೂರನೆಯ ಕೂಗು ಬಂತು. ಅದು ನನ್ನದು.

ಅಷ್ಟರಲ್ಲಿ ನನ್ನಿಂದ ಮೂರು ಮಾರು ದೂರದಲ್ಲಿ ಒಂದು ಹೆಣ್ಣುಗುಬ್ಬಿ ಇಳಿಯಿತು. ರಾಶಿಯ ಅಂಚಿನಲ್ಲಿ ಒಂದು ಒಡಕು ಡಬ್ಬಿ ಕಾಯಿ ಬಿದ್ದಿತ್ತು. ಗುಬ್ಬಿ ಅದನ್ನು ಕಾಲಿನಿಂದ ಮುಟ್ಟಲಿಲ್ಲ. ತಲೆ ಓರೆ ಮಾಡಿ ಒಡಕಿನೊಳಗೆ ಕೊಕ್ಕು ತೂರಿಸಿ ಒಂದು ಬೀಜ ತೆಗೆಯಿತು. ಕೊಕ್ಕಿನಲ್ಲೇ ಆ ಹಳದಿ ಬೀಜವನ್ನು ಎರಡು ಸಲ ಹೊರಳಿಸಿತು, ಸಿಪ್ಪೆ ಉದುರಿತು, ತಿರುಳು ಒಳಗೆ ಹೋಯಿತು. ಸೀನಿಲ್ಲ, ಕೆಮ್ಮಿಲ್ಲ. ಇನ್ನೊಂದು ತೆಗೆಯಿತು. ನಾನು ಕಣ್ಣೀರು ಒರೆಸಿಕೊಳ್ಳಲು ಕೈ ಎತ್ತಿದೆ. ಆ ಕೈಯಲ್ಲಿ ಅರ್ಧ ಗಂಟೆಯ ಹಿಂದೆ ಕಡ್ಡಿ ಯಾವುದು ಡಬ್ಬಿ ಯಾವುದು ಎಂದು ಮುರಿದು ನೋಡಿದ್ದೆ. ಆಮೇಲಿನ ಹತ್ತು ನಿಮಿಷದ ವೀಕ್ಷಣೆ ದಾಖಲಾಗಿಲ್ಲ.

ಕಣ್ಣು ಬಿಟ್ಟಾಗ ಎದುರಿಗೆ ಒಬ್ಬ ಮುದುಕಿ. ಅಂಗಡಿಯ ಜಗಲಿಯ ಮೇಲೆ ಕೂತು ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದವರಲ್ಲಿ ಒಬ್ಬಳು, ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

“ಏನ್ರೀ ಸರ, ಆ ದುರ್ಬೀನಿನ್ಯಾಗ ರೇಟು ಕಾಣತೈತೇನು?”

“ಇಲ್ಲ ಯವ್ವಾ, ಗುಬ್ಬಿ ನೋಡಾಕ ಬಂದೀನಿ.”

“ಗುಬ್ಬಿ ನೋಡಾಕ ದುರ್ಬೀನು ಯಾಕ ಬೇಕ್ರಿ? ನಿಮ್ಮ ಕಾಲಾಗ ಐತಲ್ಲ.”

“ಅದಕ್ಕ ಖಾರ ಹತ್ತಂಗಿಲ್ಲೇನು?”

“ಹಕ್ಕಿಗೆ ಎಲ್ಲೀ ಖಾರ! ಗಿಣಿ ಸಾಕಿದವ್ರು ಏನ್ ಹಾಕ್ತಾರ? ಮೆಣಸಿನಕಾಯೇ. ಮುಖಾ ತೊಳ್ಕೋರಿ ಮೊದಲ.”

ಮುಖ ತೊಳೆದುಕೊಂಡು ಹೇಳುತ್ತೇನೆ, ಈ ಅವ್ವ ತಂಬಿಗೆ ಹಿಡಿದುಕೊಂಡೇ ಹೇಳಿದ್ದನ್ನು ವಿಜ್ಞಾನ ಬಹಳ ಸುತ್ತು ಹಾಕಿ ಹೇಳಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ನಮ್ಮ ನರಗಳ ತುದಿಯಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಕ್ಯಾಪ್ಸೈಸಿನ್ ಹೋಗಿ ಅದನ್ನೇ ಮುಟ್ಟುತ್ತದೆ. ಅದಕ್ಕೇ ಬೆಂಕಿ ಇಲ್ಲದಿದ್ದರೂ ಬಾಯಿ ಉರಿಯುತ್ತದೆ. ಕ್ಯಾಲಿಫೋರ್ನಿಯದ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಈ ಗ್ರಾಹಕವನ್ನು ಪತ್ತೆಹಚ್ಚಿತು. ಹಕ್ಕಿಗಳಲ್ಲೂ ಅದು ಇದೆ, ಬಿಸಿಗೆ ಸ್ಪಂದಿಸುತ್ತದೆ, ಆದರೆ ಕ್ಯಾಪ್ಸೈಸಿನ್ ಬಂದು ಬಾಗಿಲು ತಟ್ಟಿದರೆ ಓಗೊಡುವುದಿಲ್ಲ ಎಂದು ಕೋಳಿಯ ಗ್ರಾಹಕವನ್ನು ಪರೀಕ್ಷಿಸಿ 2002ರಲ್ಲಿ ತೋರಿಸಿದರು. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂತು, ಆರ್ಡೆಮ್ ಪಟಪೂಟಿಯನ್ ಎಂಬವರ ಜೊತೆ ಹಂಚಿಕೊಂಡು. ಬ್ಯಾಡಗಿಯ ಹಮಾಲರು ತಲೆಮಾರುಗಳಿಂದ ಮೂಗಿನ ಮೂಲಕ ನಡೆಸುತ್ತ ಬಂದ ಪ್ರಯೋಗಕ್ಕೆ ಬಹುಮಾನದಲ್ಲಿ ಪಾಲು ಬರಲಿಲ್ಲ. ಲೇಖಕನ ಪ್ರತಿಭಟನೆಯನ್ನು ಇಲ್ಲಿ ದಾಖಲಿಸಲಾಗಿದೆ.

ಗಿಡದ ಲೆಕ್ಕಾಚಾರ ಇನ್ನೂ ಸೊಗಸು. ಅಮೆರಿಕದ ಅರಿಜೋನದಲ್ಲಿ ಕಾಡು ಮೆಣಸಿನಕಾಯಿಯ ಗಿಡಗಳನ್ನು ಕಾದು ಕೂತವರು 2001ರಲ್ಲಿ ಬರೆದಿದ್ದಾರೆ: ಇಲಿಯ ಜಾತಿಯ ಪ್ರಾಣಿ ಬೀಜವನ್ನು ಅಗಿದರೆ ಅದು ಮೊಳೆಯದು, ಹಕ್ಕಿ ನುಂಗಿ ಹಿಕ್ಕೆಯಲ್ಲಿ ಹಾಕಿದರೆ ಮೊಳೆಯುತ್ತದೆ. ಎಂದರೆ ಹಲ್ಲಿದ್ದವರನ್ನು ಓಡಿಸಿ ರೆಕ್ಕೆಯಿದ್ದವರನ್ನು ಕರೆಯಲು ಗಿಡ ಖಾರ ಕಲಿತಿದೆ. ಮೆಣಸಿನಕಾಯಿ ಕೆಂಪಾಗುವುದೂ ಹಕ್ಕಿಯ ಕಣ್ಣಿಗೆ ಬೀಳಲಿ ಎಂದೇ. ನಾವು ಹಲ್ಲಿದ್ದವರು, ಬೇಡವೆಂದು ಬೋರ್ಡು ಹಾಕಿದ ಮನೆಗೆ ನುಗ್ಗಿ, ಉರಿಯುತ್ತಿದೆ ಎಂದು ಅತ್ತು, ಮರುದಿನ ಮತ್ತೆ ನುಗ್ಗುತ್ತೇವೆ. ಊರಿನ ಹೆಸರಿನಲ್ಲೇ ‘ಬ್ಯಾಡ’ ಇರುವುದನ್ನೂ ಲೆಕ್ಕಿಸುವುದಿಲ್ಲ. ನಾನು ನೋಡಿದ ಗುಬ್ಬಿಯೂ ಬೀಜವನ್ನು ಒಡೆದೇ ತಿಂದಿತು, ಹಾಗಾಗಿ ಅದೂ ನಮ್ಮ ಪಕ್ಷವೇ. ಬೇಲಿಯ ಮೇಲೆ ಕೂತಿದ್ದ ಪಿಕಳಾರ ಮಾತ್ರ ಒಂದು ಸಣ್ಣ ಹಣ್ಣು ಕಾಯಿಯನ್ನು ಇಡಿಯಾಗಿ ನುಂಗಿ ಹಾರಿತು. ಗಿಡ ಕಾದದ್ದು ಅದಕ್ಕೆ.

ಸಂರಕ್ಷಿತ ಪ್ರದೇಶಗಳ ಬಗ್ಗೆಯೂ ಹೇಳದಿದ್ದರೆ ಪ್ರಬಂಧ ಅಪೂರ್ಣವಾದೀತು. ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ 139 ಎಕರೆಯ ನವಿಲುಧಾಮವಿದೆ. ಖಿಲಾರಿ ದನಗಳ ತಳಿ ಕೇಂದ್ರವೂ ಅಲ್ಲೇ ಇರುವುದರಿಂದ ನವಿಲುಗಳು ದನಗಳ ನೆರಳಿನಲ್ಲಿ ಸುಖವಾಗಿವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, 119 ಚದರ ಕಿಲೋಮೀಟರು. ಅಲ್ಲಿ ಕೃಷ್ಣಮೃಗದ ಜೊತೆಗೆ ಇನ್ನೊಬ್ಬರಿದ್ದರು. ಎರ್ಲಡ್ಡು ಎಂದೂ ಎರೆಭೂತವೆಂದೂ ಕರೆಯುವ, ಮನುಷ್ಯನ ಸೊಂಟದೆತ್ತರದ ಭಾರೀ ಹಕ್ಕಿ. ರಾಷ್ಟ್ರಪಕ್ಷಿಯ ಮಾತು ಬಂದಾಗ ಸಲೀಂ ಅಲಿಯವರು ಇದರ ಪರವಾಗಿದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ಬಸ್ಟರ್ಡ್ ಎಂಬ ಇಂಗ್ಲಿಷಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೈಗುಳವಾದೀತು ಎಂಬ ಅಂಜಿಕೆಯೇ ಕಾರಣವೆಂದು ಒಂದು ಕಥೆ ಓಡಾಡುತ್ತದೆ. ಕನ್ನಡದವರನ್ನು ಕೇಳಬೇಕಿತ್ತು, ಎರ್ಲಡ್ಡು ಎಂಬುದನ್ನು ಎಷ್ಟು ತಪ್ಪಿ ಬರೆದರೂ ಕೊನೆಗೆ ಲಡ್ಡು ಉಳಿಯುತ್ತದೆ. ಈ ಹಕ್ಕಿಗೆ ಬೇಕಾದದ್ದು ಮರವಿಲ್ಲದ ಬಯಲು ಹುಲ್ಲುಗಾವಲು. ಬಯಲು ಕಂಡರೆ ಖಾಲಿ ಎಂದುಕೊಳ್ಳುವ ಕಾಲ ಅದು; ಸಾಲುಸಾಲಾಗಿ ನೀಲಗಿರಿ ನೆಟ್ಟರು. ಹಸಿರಾಯಿತು. ಎರ್ಲಡ್ಡು ಹೋಯಿತು. ಪ್ರಾಂಗಣದ ಗುಬ್ಬಿಗೆ ಯಾರೂ ಏನೂ ನೆಟ್ಟು ಉಪಕಾರ ಮಾಡಿಲ್ಲ, ಆದ್ದರಿಂದ ಅದಿನ್ನೂ ಇದೆ.

ಆ ದಿನದ ಒಟ್ಟು ಪಟ್ಟಿ: ಗುಬ್ಬಿ, ಗೊರವಂಕ, ಪಾರಿವಾಳ, ಬೆಳವ, ಕಾಗಿ, ಪಿಕಳಾರ, ತಂತಿಯ ಮೇಲೆ ಒಂದು ಕಾಜಾಣ, ಮೇಲೆ ಸುತ್ತುತ್ತಿದ್ದ ಎರಡು ಹದ್ದು. ಕಡಲಹಕ್ಕಿ ಒಂದೂ ಕಾಣಲಿಲ್ಲ. ಉಬ್ಬರ ಸಾಲದ್ದಿರಬೇಕು, ಆ ವಾರ ರೇಟು ಬಿದ್ದಿತ್ತು.

ಈ ವಿಷಯದಲ್ಲಿ ಮುಂದಿನ ಸಂಶೋಧನೆ ಕೈಗೊಳ್ಳುವವರಿಗೆ ಸೂಚನೆ: ಪೇಟೆ ಸೋಮವಾರ ಮತ್ತು ಗುರುವಾರ. ಬರುವಾಗ ಎರಡು ಕರವಸ್ತ್ರ ತನ್ನಿ, ಒಂದು ಮೂಗಿಗೆ, ಒಂದು ದುರ್ಬೀನಿಗೆ. ದಯವಿಟ್ಟು ಅದಲುಬದಲು ಮಾಡಿಕೊಳ್ಳಬೇಡಿ.