ಬೀಗ ಹಾಕಿದ್ದು ನಿಮ್ಮ ಸುರಕ್ಷತೆಗಾಗಿ

ಡೊಮೇನ್ ಕೊಳ್ಳುವಾಗ ನೀವು ಯಾರೆಂದು ಯಾರಿಗೂ ಬೇಕಿಲ್ಲ. ಹೆಸರು ಟೈಪಿಸಿ, ದುಡ್ಡು ಕಟ್ಟಿ, ಮುಗಿಯಿತು. ಅದೇ ಹೆಸರನ್ನು ಬೇರೆ ಕಂಪನಿಗೆ ಒಯ್ಯುತ್ತೇನೆ ಎನ್ನಿ ನೋಡೋಣ. ತಕ್ಷಣ ಮಾರಿದವರಿಗೆ ನಿಮ್ಮ ಸುರಕ್ಷತೆಯ ಚಿಂತೆ ಹತ್ತಿಕೊಳ್ಳುತ್ತದೆ.

ಕೆಲವು ಕಂಪನಿಗಳ ಕಾಳಜಿ, ಹೆಸರಿನಿಂದ ವೆಬ್‌ಸೈಟಿಗೂ ಇಮೇಲಿಗೂ ದಾರಿ ತೋರಿಸುವ ಡಿಎನ್‌ಎಸ್ ಬಂದ್ ಮಾಡುವುದರಿಂದಲೇ ಶುರು. ಉಚಿತ ಡಿಎನ್‌ಎಸ್ ಗ್ರಾಹಕರಿಗೆ ಮಾತ್ರವಂತೆ, ನೀವು ಹೊರಟವರಂತೆ. ವರ್ಗಾವಣೆ ಇನ್ನೂ ಆಗಿಲ್ಲವಲ್ಲ ಸ್ವಾಮಿ? ಹೌದು, ಆಗಿಲ್ಲ. ಅತ್ತ ಬಿಡುವುದೂ ಇಲ್ಲ, ಇತ್ತ ನಡೆಸುವುದೂ ಇಲ್ಲ.

ವೆಬ್‌ಸೈಟ್ ಸತ್ತಿತು. ಜೊತೆಗೆ ಇಮೇಲೂ. ಈಗ ವರ್ಗಾವಣೆಗೆ ಬೇಕಾದ ಆಥ್ ಕೋಡ್ ಕಳಿಸಿದ್ದೇವೆ ಎನ್ನುತ್ತಾರೆ. ಎಲ್ಲಿಗೆ? ಅದೇ ಡೊಮೇನಿನ ಇಮೇಲ್‌ಗೆ! ಬಾಗಿಲಿಗೆ ಬೀಗ ಜಡಿದು, ಕೀಲಿ ಒಳಗಿದೆ, ತೊಗೊಳ್ಳಿ ಅಂದ ಹಾಗೆ.

ಸರಿ, ಇಮೇಲ್ ವಿಳಾಸ ಬದಲಿಸಿ ಎಂದಿರೋ, ಹಳೆಯ ವಿಳಾಸದಿಂದ ಒಪ್ಪಿಗೆ ಬರಬೇಕು. ಸತ್ತವನು ಎದ್ದು ಬಂದು ಸಹಿ ಹಾಕಬೇಕು. ಹೇಗೋ ಬದಲಾಯಿತೆಂದೇ ಇಟ್ಟುಕೊಳ್ಳಿ, ಮುಂದಿನ 60 ದಿನ ಡೊಮೇನ್ ಕದಲುವಂತಿಲ್ಲ. ಕಳ್ಳರು ಹೊತ್ತೊಯ್ಯದಿರಲಿ ಎಂದು 2016ರ ಕೊನೆಯಲ್ಲಿ ಜಾರಿಗೆ ತಂದ ನಿಯಮವಿದು. ಈ ಬೀಗ ಬೇಡ ಎನ್ನುವ ಅವಕಾಶವನ್ನು ಕಂಪನಿ ಕೊಡಬಹುದು. ಕೊಡಲೇಬೇಕೆಂದಿಲ್ಲ. ನೀವೇ ಊಹಿಸಿ.

ಡಾಟ್ ಕಾಮ್‌ನಂಥ ಹೆಸರುಗಳಿಗೆ ಕಟ್ಟಳೆ ಬರೆಯುವ ಐಕಾನ್ ಸಂಸ್ಥೆಯ ಮಾತು ಮಾತ್ರ ಬಲು ಚೆಂದ. ಕೇಳಿದ 5 ದಿನದೊಳಗೆ ಕೋಡ್ ಸಿಗಬೇಕಂತೆ. ವರ್ಗಾವಣೆಯ ಕೋರಿಕೆ ಹೋದ ಮೇಲೆ ಹಳೆಯ ಕಂಪನಿ 5 ದಿನ ತುಟಿ ಬಿಚ್ಚದಿದ್ದರೆ ಒಪ್ಪಿದಂತೆಯೇ. ಮೌನಂ ಸಮ್ಮತಿ ಲಕ್ಷಣಂ. ಎಂದರೆ, ಕಂಪನಿಯವರು ಎಚ್ಚರವಾಗಿದ್ದರೆ ನಿಮ್ಮ ಕೆಲಸ ಕೆಡುತ್ತದೆ. ನಿದ್ದೆ ಹೊಡೆದರೆ ಆಗುತ್ತದೆ.

ಐಕಾನ್‌ಗೆ ದೂರು ಕೊಡಬಹುದು. ಅದಕ್ಕೂ ಸಿಟ್ಟು ಬರುವುದುಂಟು. 2007ರಲ್ಲಿ ಅಮೆರಿಕದ ರಿಜಿಸ್ಟರ್‌ಫ್ಲೈ ಎಂಬ ಕಂಪನಿಯ ಮಾನ್ಯತೆಯನ್ನೇ ಕಿತ್ತುಕೊಂಡಿತು. ಅದರ ಗ್ರಾಹಕರು ಬೊಬ್ಬೆ ಹೊಡೆದು ಗಂಟಲು ಕಟ್ಟಿದ ಮೇಲೆ, ಅಷ್ಟೇ.

ತಿಳಿದವರು ಹೊರಡುವ ಮುಂಚೆಯೇ ಡಿಎನ್‌ಎಸ್ ದಾಖಲೆಗಳನ್ನು ಬೇರೆಡೆಗೆ ನಕಲಿಸಿ, ನೇಮ್‌ಸರ್ವರ್ ಬದಲಿಸಿ, ಸಂಪರ್ಕಕ್ಕೆ ಹೊರಗಿನದೊಂದು ಇಮೇಲ್ ಕೊಟ್ಟಿರುತ್ತಾರೆ. ಕೊಳ್ಳುವ ದಿನ ಇದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಆಮೇಲೆ ಹಿಡಿದಿಡುವುದು ಹೇಗೆ?

ಈ ಜಗ್ಗಾಟದಲ್ಲಿ ಡೊಮೇನಿನ ಅವಧಿ ಮುಗಿದು, ಅದು ಅಳಿಸುವ ಪಟ್ಟಿಗೆ ಸೇರಿತೋ, ಬಿಡಿಸಿಕೊಳ್ಳಲು ಮಾಮೂಲಿ ಶುಲ್ಕದ ಹಲವು ಪಟ್ಟು ತೆರಬೇಕು. ಅದಕ್ಕೆ ಆಥ್ ಕೋಡ್ ಬೇಡ, ಹಳೆಯ ಇಮೇಲಿನ ಒಪ್ಪಿಗೆ ಬೇಡ, 5 ದಿನ ಕಾಯುವುದೂ ಬೇಡ. ಹಣ ಕಟ್ಟುವ ಪುಟ ಒಂದೇ ಏಟಿಗೆ ತೆರೆದುಕೊಳ್ಳುತ್ತದೆ.