ದಾದರಿನಲ್ಲೊಂದು ಬಪ್ದ್, ಹೋಪ್ದ್

ದಾದರ್ ಸ್ಟೇಷನ್ನಿನಲ್ಲಿ 2023ರ ಡಿಸೆಂಬರಿನವರೆಗೆ ಎರಡು ಒಂದನೇ ನಂಬರುಗಳಿದ್ದವು. ಪಶ್ಚಿಮ ರೈಲ್ವೆಯದೊಂದು, ಮಧ್ಯ ರೈಲ್ವೆಯದೊಂದು. ಊರಿಂದ ಬಂದ ನೆಂಟರಿಗೆ ‘ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರಿ, ಬಂದೆ’ ಎಂದರೆ ಮುಗಿಯಿತು. ಅವರೂ ಒಂದರಲ್ಲೇ, ನೀವೂ ಒಂದರಲ್ಲೇ, ನಡುವೆ ಇಡೀ ಮುಂಬಯಿ. ಕೊನೆಗೆ ರೈಲ್ವೆಯವರಿಗೆ ಕನಿಕರ ಹುಟ್ಟಿ 1ರಿಂದ 14ರವರೆಗೆ ಸಾಲಾಗಿ ನಂಬರು ಹಾಕಿದರು. ಭಾಷೆಗೆ ಇಂಥ ಇಲಾಖೆ ಇಲ್ಲ. ನಮ್ಮ ಕುಂದಾಪ್ರ ಕನ್ನಡದ ‘ಇತ್ತ್’ ಇವತ್ತಿಗೂ ಎರಡು ಪ್ಲಾಟ್‌ಫಾರ್ಮುಗಳಲ್ಲಿ ನಿಂತುಕೊಂಡೇ ಇದೆ.

ಸ್ಟೇಷನ್ನಿನ ಹತ್ತಿರದ ಒಂದು ಹೊಟೇಲಿನಲ್ಲಿ ಈ ಮಾತಿನ ಮಹಿಮೆ ನೋಡಿದೆ. ಬೆಂಗಳೂರಿನವರೊಬ್ಬರು ಕೂತರು. ಗಲ್ಲೆಯ ಮೇಲಿದ್ದವರ ಮುಖದಲ್ಲಿ ಕನ್ನಡ ಕಂಡಿರಬೇಕು, ‘ಇಡ್ಲಿ ಇದ್ಯಾ?’ ಎಂದು ಕೇಳಿದರು.

‘ಇತ್ತ್.’

‘ಅಯ್ಯೋ, ಖಾಲಿಯಾಯ್ತಾ? ವಡೆ?’

‘ಅದೂ ಇತ್ತ್.’

‘ಹಾಗಾದ್ರೆ ಈಗೇನಿದೆ ಸ್ವಾಮಿ?’

‘ಎಲ್ಲಾ ಇತ್ತ್ ಮರ್ರೆ! ನಿಮ್ಗೆ ಎಂತ ಬೇಕ್ ಹೇಳಿ.’

ಬೆಂಗಳೂರಿನವರಿಗೆ ಇತ್ತು ಎಂದರೆ ಕಳೆದುಹೋದದ್ದು. ನಮಗೆ ಇತ್ತ್ ಎಂದರೆ ಬಿಸಿಬಿಸಿಯಾಗಿ ಒಳಗಿರುವುದು. ಭೂತಕಾಲವನ್ನೇ ವರ್ತಮಾನವೆಂದುಕೊಂಡು ಬದುಕುವವರು ಎಂದು ಯಾರಾದರೂ ನಮ್ಮನ್ನು ಹಂಗಿಸಿದರೆ ವಾದಿಸಲು ನನ್ನ ಬಳಿ ಹೆಚ್ಚು ಸಾಮಗ್ರಿ ಇಲ್ಲ.

ಕುಂದಾಪ್ರ ಕನ್ನಡ ಒಂದು ಬಗೆಯ ಕುದ್ರು. ಕುದ್ರು ಎಂದರೆ ನಮ್ಮಲ್ಲಿ ಹೊಳೆಯ ನಡುವಿನ ನೆಲ. ಗಂಗೊಳ್ಳಿಯ ಬಳಿ ಪಂಚಗಂಗಾವಳಿ ಕಡಲು ಸೇರುವಲ್ಲಿ ಅಂಥವು ಹಲವಿವೆ. ಈ ಮಾತಿನ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ತೆಂಕಕ್ಕೆ ತುಳು, ಬಡಗಿಗೆ ಹೋದಂತೆ ಕೊಂಕಣಿ. ಬ್ರಹ್ಮಾವರದಿಂದ ಶಿರೂರಿನವರೆಗಿನ ಆ ಪಟ್ಟಿಯಿಂದ ಹೊರಟವರು ಹೊಟೇಲು ಹುಡುಕಿಕೊಂಡು ಬಂದು ಸೇರಿದ ಮುಂಬಯಿಯೂ ಒಂದಾನೊಂದು ಕಾಲಕ್ಕೆ ಏಳು ಕುದ್ರುಗಳೇ. ಕೊರಕಲುಗಳನ್ನು ಮುಚ್ಚಿ ಒಂದೂರು ಮಾಡಿದರು. ಮಳೆಗಾಲದಲ್ಲಿ ಹಿಂದ್‌ಮಾತಾ ಕಡೆ ಸೊಂಟಮಟ್ಟ ನೀರು ನಿಂತಾಗ ಊರಿಗೆ ತನ್ನ ಹಳೇ ಸ್ವರೂಪ ನೆನಪಾಗುತ್ತದೆ.

ದಾದರಿನಲ್ಲಿ ಕನ್ನಡಕ್ಕೇನೂ ಬರಗಾಲವಿಲ್ಲ. ಮೈಸೂರಿಗೆ ಹೊರಡುವ ಶರಾವತಿ ಎಕ್ಸ್‌ಪ್ರೆಸ್, ಪುದುಚೇರಿಗೆ ಹೊರಡುವ ಚಾಲುಕ್ಯ ಎಕ್ಸ್‌ಪ್ರೆಸ್, ಎರಡೂ ಇಲ್ಲಿಂದಲೇ. ಪಕ್ಕದ ಮಾಟುಂಗದಲ್ಲಿ 1926ರಷ್ಟು ಹಿಂದಿನ ಮೈಸೂರು ಅಸೋಸಿಯೇಷನ್, ಮಾಹೀಮಿನ ಕಡೆ 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ. ನಾನು ಗಮನಿಸಿದ್ದೇನೆಂದರೆ, ಸಭೆ ಎಲ್ಲೇ ನಡೆಯಲಿ, ವೇದಿಕೆಯ ಮೇಲೆ ಎಲ್ಲರದೂ ಇಸ್ತ್ರಿ ಮಾಡಿದ ಕನ್ನಡ. ವಂದನಾರ್ಪಣೆ ಮುಗಿದು ಉಪಾಹಾರದ ತಟ್ಟೆ ಕೈಗೆ ಬಂದದ್ದೇ ತಡ, ಮೂಲೆಯಿಂದ ‘ಹ್ವಾಯ್, ಬನ್ನಿ ಕೂಕಣಿ, ಆಸ್ರಿಗೆ ಎಂತ ಅಕ್ಕ್?’ ಎಂಬ ದನಿ ಏಳುತ್ತದೆ. ಅಧ್ಯಕ್ಷ ಭಾಷಣದಲ್ಲಿ ‘ಅವಲೋಕಿಸಬೇಕಾಗಿದೆ’ ಎಂದವರೇ ಈಗ ‘ಕಾಂಬ, ಕಾಂಬ’ ಎನ್ನುತ್ತಿರುತ್ತಾರೆ. ಸಭೆಯ ನಿಜವಾದ ಭಾಗ ಅಲ್ಲಿಂದ ಶುರು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ‘ಕಾಂಬ’ ಸಾಮಾನ್ಯ ಮಾತಲ್ಲ. ಹಳಗನ್ನಡದ ಪಾಠದಲ್ಲಿ ಬರ್ಪ, ಪೋಪ, ಕಾಣ್ಬ, ಉಣ್ಬ ಎಂದು ಬಂದಾಗ ಮಕ್ಕಳು ಹೆದರಿ ಗೈಡು ಕೊಳ್ಳುತ್ತಾರೆ. ನಮ್ಮೂರಿನಲ್ಲಿ ಮೀನು ಮಾರುವ ಹೆಂಗಸು ಯಾವ ಗೈಡೂ ಇಲ್ಲದೆ ಬಪ್ದ್, ಹೋಪ್ದ್, ಕಾಂಬ್ದ್, ಉಂಬ್ದ್ ಎನ್ನುತ್ತಾಳೆ. ಅವಳಿಗೆ ತಾನು ಹಳಗನ್ನಡ ಆಡುತ್ತಿರುವುದು ಗೊತ್ತಿಲ್ಲ. ಗೊತ್ತಾದರೆ ಬಂಗುಡೆಯ ರೇಟು ಏರಿಸಿಯಾಳು.

ಊರೂರು ತಿರುಗಿ ಹೆಸರು ಮಾಡಿದ ನಮ್ಮ ಮಾತೆಂದರೆ ‘ಮಾಣಿ’. ಮೊದಲಿಗೆ ಮಾಣಿ ಎಂದರೆ ಬ್ರಹ್ಮಚಾರಿ, ವಟು. ನಮ್ಮ ಕಡೆ ಅದು ಸಡಿಲವಾಗಿ ಹುಡುಗ ಎಂದಾಯಿತು. ಆ ಹುಡುಗ ಹೊಟೇಲು ಸೇರಿ ಲೋಟ ಹಿಡಿದದ್ದೇ ಘಟ್ಟದ ಮೇಲೆಲ್ಲ ಹೊಟೇಲಿನಲ್ಲಿ ಬಡಿಸುವವನೇ ಮಾಣಿಯಾದ. ವೇದ ಕಲಿಯಲು ಹೊರಟವನು ಮಸಾಲೆ ದೋಸೆ ತಂದಿಟ್ಟ. ದಾದರಿನಲ್ಲಿ ಮಾತ್ರ ಮಾಣಿಗೆ ಬೆಲೆ ಬರಲಿಲ್ಲ. ಇಲ್ಲಿನ ಗಿರಾಕಿಗೆ ಗಲ್ಲೆಯಿಂದ ಅಡುಗೆಮನೆಯವರೆಗೆ ಇರುವವರೆಲ್ಲ ‘ಅಣ್ಣಾ’. ‘ಅಣ್ಣಾ, ದೋನ್ ಕಟಿಂಗ್!’

ಮೀನಿನ ಹೆಸರುಗಳು ಊರಿನ ಗಡಿ ದಾಟುತ್ತಲೇ ಬದಲಾದವು. ಮಾಂಜಿ ಪಾಪ್ಲೆಟ್ ಆಯಿತು, ಬೈಗೆ ತಾರ್ಲಿಯಾಯಿತು. ರುಚಿ ಅದೇ ಇರುವುದರಿಂದ ಯಾರೂ ಗಲಾಟೆ ಮಾಡಲಿಲ್ಲ. ‘ಲಾಯ್ಕ್’ ಕೂಡ ಉಳಿದುಕೊಂಡಿತು. ಅದರ ವಿರುದ್ಧಪದ ‘ನಾಲಾಯಕ್’ ಮರಾಠಿಯಲ್ಲಿ ಧಾರಾಳವಾಗಿ ಸಿಗುತ್ತದೆ, ಲೋಕಲ್ ರೈಲಿನಲ್ಲಿ ಹೆಚ್ಚು.

ಕಷ್ಟ ಬಂದದ್ದು ಗದ್ದೆಯ ಮಾತುಗಳಿಗೆ. ಮುಡಿ, ಕಳಸಿಗೆ, ಕಂಬಳ ಗದ್ದೆ, ಇವನ್ನೆಲ್ಲ ಮೂರನೇ ಮಾಳಿಗೆಯ ಖೋಲಿಯಲ್ಲಿ ಎಲ್ಲಿಡುವುದು? ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಅತ್ತೆ ಕಿಟಕಿಯಲ್ಲಿ ನಿಂತು, ‘ಈ ಮಳಿಗೆ ಕೊಡಿ ಎಂತಕ್ಕ್ ಆತ್ತ್? ಒಂದ್ ಗೊರ್ಬ್ ಇದ್ದಿದ್ರೆ ಸಾಕಿತ್ತ್’ ಎಂದರು. ದಾದರಿನಲ್ಲೇ ಹುಟ್ಟಿದ ಮೊಮ್ಮಗ ತಲೆಯೆತ್ತಿ, ‘ಅಜ್ಜಿ, ಗೊರ್ಬ್ ಮ್ಹಣ್ಜೆ ಕಾಯ್?’ ಎಂದ. ಅತ್ತೆ ಬೆಡ್‌ಶೀಟನ್ನು ತಲೆಗೆ ಸಿಕ್ಕಿಸಿ, ಬೆನ್ನ ಮೇಲೆ ಇಳಿಬಿಟ್ಟು, ಬಗ್ಗಿ ನೆಟ್ಟಿ ಮಾಡಿ ತೋರಿಸಿದರು. ಬಿದಿರು ಹೆಣೆದು ಎಲೆ ಹಾಸಿದ್ದು, ಬಗ್ಗಿದರೂ ಬೆನ್ನಿಗೆ ಹನಿ ತಾಗದು, ಎರಡು ಕೈಯೂ ಕೆಲಸಕ್ಕೆ ಬಿಡುವು ಎಂದು ವಿವರಿಸಿದರು. ಹುಡುಗ ಯೋಚಿಸಿ ‘ಬ್ಯಾಟ್‌ಮ್ಯಾನ್!’ ಎಂದ. ಅವನ ಶಾಲೆಯ ರೇನ್‌ಕೋಟಿಗೆ ಬ್ಯಾಗೂ ಮುಚ್ಚುವ ಹಾಗೆ ಬೆನ್ನಲ್ಲೊಂದು ಗೂನು ಇದೆ. ಈಗ ಮನೆಯಲ್ಲಿ ಅದರ ಹೆಸರು ಗೊರ್ಬು. ‘ಆಯೀ, ಮಾಝಾ ಗೊರ್ಬು ಕುಠೆ ಆಹೆ?’ ವಸ್ತು ಹೋದರೆ ಹೆಸರೂ ಹೋಗುತ್ತದೆ ಎಂದು ಪಂಡಿತರು ಹೇಳುತ್ತಾರೆ. ಅವರ ಮನೆಯಲ್ಲಿ ಅಜ್ಜಿಯಂದಿರು ಬೆಡ್‌ಶೀಟು ಹೊದ್ದಿರಲಿಕ್ಕಿಲ್ಲ.

ಕುದ್ರಿನ ಮಾತಿನ ಗತಿ ಲೋಕದಲ್ಲಿ ಬೇರೆಯವರಿಗೂ ಇದೆ. ಸ್ಕಾಟ್ಲೆಂಡಿನ ಬಡಗಣ ಕಡಲಲ್ಲಿ ಶೆಟ್ಲೆಂಡ್ ಎಂಬ ದ್ವೀಪಗಳಿವೆ. 1469ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ಮಗಳ ವರದಕ್ಷಿಣೆ ಹೊಂದಿಸಲಾಗದೆ ಅವನ್ನು ಸ್ಕಾಟ್ಲೆಂಡಿನ ಅಳಿಯನಿಗೆ ಅಡವಿಟ್ಟ. ಇವತ್ತಿಗೂ ಬಿಡಿಸಿಕೊಂಡಿಲ್ಲ. ಅಡವಿನ ಜತೆ ಹೋದ ನಾರ್ನ್ ಎಂಬ ಹಳೇ ಭಾಷೆ ಮೆಲ್ಲಗೆ ಸತ್ತು, ಅದರ ಪದಗಳು ಅಲ್ಲಿನ ಸ್ಕಾಟ್ಸ್ ಮಾತಿನೊಳಗೆ ಬಾಡಿಗೆಗೆ ಉಳಿದವು. ಯಾಕೊಬ್ಸೆನ್ ಎಂಬ ಫ್ಯಾರೋ ದ್ವೀಪದ ವಿದ್ವಾಂಸ 1893ರಲ್ಲಿ ಅಲ್ಲಿಗೆ ಹೋಗಿ ಮುದುಕ ಮುದುಕಿಯರ ಬಾಯಿಂದ ಅವನ್ನು ಸಾವಿರಗಟ್ಟಲೆ ಆರಿಸಿದ. ಅಲ್ಲಿನ ಮೀನುಗಾರರು ಆಳಕಡಲಿಗೆ ಹೋದಾಗ ಕೆಲವು ಹೆಸರು ಎತ್ತುವಂತಿರಲಿಲ್ಲ. ಪಾದ್ರಿಯನ್ನು ಪಾದ್ರಿ ಎನ್ನದೆ ‘ಎದ್ದು ನಿಲ್ಲುವವನು’ ಎನ್ನುತ್ತಿದ್ದರಂತೆ. ನನಗಿದು ಹೊಸತೆನಿಸಲಿಲ್ಲ. ನಮ್ಮಲ್ಲೂ ಹಾವು ಕಚ್ಚುವುದಿಲ್ಲ, ‘ಹುಳ ಮುಟ್ಟುತ್ತದೆ’. ಮನೆಯಿಂದ ಹೊರಡುವವರು ‘ಹೋತೆ’ ಎಂದರೆ ಬೈಗುಳ ಖಂಡಿತ. ‘ಹೋಯಿ ಬತ್ತೆ’ ಎನ್ನಬೇಕು, ಹಾಲು ತರಲು ಕೆಳಗಿಳಿಯುವುದಾದರೂ ಸರಿ.

ನಮ್ಮ ಯಾಕೊಬ್ಸೆನ್ ಹೊರಗಿನಿಂದ ಬರಬೇಕಾಗಲಿಲ್ಲ. ಮುಂಬಯಿಯಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದ ಪಂಜು ಗಂಗೊಳ್ಳಿಯವರು ವರ್ಷಗಟ್ಟಲೆ ಪದ ಹೆಕ್ಕಿ, ಜತೆಗಾರರೊಡನೆ ಕುಂದಾಪ್ರ ಕನ್ನಡ ನಿಘಂಟು ತಂದರು. ಊರಿನ ನಿಘಂಟಿನ ಕೆಲಸ ಊರಿಂದ ಇಷ್ಟು ದೂರ ಕೂತವರಿಗೆ ಹೊಳೆದದ್ದು ಸಹಜವೇ. ಊರಿನಲ್ಲಿರುವವರಿಗೆ ಮಾತು ಗಾಳಿಯ ಹಾಗೆ ಸಿಗುತ್ತದೆ, ಯಾರು ಕೂಡಿಡುತ್ತಾರೆ? ಈಗ 2019ರಿಂದ ಆಸಾಡಿ ಅಮಾವಾಸ್ಯೆಗೆ ವಿಶ್ವ ಕುಂದಾಪ್ರ ಕನ್ನಡ ದಿನವೂ ನಡೆಯುತ್ತದೆ. ಒಂದು ಭಾಷೆಗೆ ದಿನ ಗೊತ್ತುಮಾಡಿದರೆ ನನಗೆ ಸಂತೋಷಕ್ಕಿಂತ ಕೊಂಚ ಗಾಬರಿಯೇ ಹೆಚ್ಚು, ಆದರೆ ಅಂದು ಊಟ ಚೆನ್ನಾಗಿರುವುದರಿಂದ ತಕರಾರು ಮಾಡುವುದಿಲ್ಲ.

ನಿಘಂಟಿಗೂ ಸಿಗದ್ದೊಂದಿದೆ. ‘ಇತ್ತ್’ ಎಂದು ಬರೆದೆನಲ್ಲ, ಅದರ ಕೊನೆಯಲ್ಲೊಂದು ಅರ್ಧ ನುಂಗಿದ ಉಕಾರವಿದೆ. ಪೂರ್ತಿ ಬರೆದರೆ ಬೆಂಗಳೂರಾಗುತ್ತದೆ, ಬಿಟ್ಟರೆ ಬಿಕ್ಕಳಿಕೆಯಾಗುತ್ತದೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ಇಂಥ ಮಾತಾಡುವ ಅಜ್ಜಿಯೋ ಮಾವನೋ ಇದ್ದರೆ ಬರೆದಿಟ್ಟುಕೊಳ್ಳುವುದರ ಜತೆಗೆ ಫೋನಿನಲ್ಲಿ ಅವರ ದನಿಯನ್ನೂ ಹಿಡಿದಿಡಿ. ರೆಕಾರ್ಡು ಮಾಡುತ್ತಿದ್ದೇನೆ ಎಂದು ಮಾತ್ರ ಮೊದಲೇ ಹೇಳಬೇಡಿ. ಹೇಳಿದಿರೋ, ಅವರು ಗಂಟಲು ಸರಿಮಾಡಿಕೊಂಡು ಪುಸ್ತಕದ ಕನ್ನಡ ಶುರುಮಾಡುತ್ತಾರೆ. ಮುಗಿದ ಮೇಲೆ ಕೇಳಿಸಿ, ಒಪ್ಪಿಗೆ ಕೇಳಿ. ಬೈದರೆ ಆ ಬೈಗುಳವನ್ನೂ ಸೇರಿಸಿಕೊಳ್ಳಿ.